ಎರಡು ಗಂಟೆಗೊಮ್ಮೆ

2018ರ ಡಿಸೆಂಬರ್. ವಾರಪತ್ರಿಕೆಯೊಂದರಲ್ಲಿ ನನ್ನ ಧಾರಾವಾಹಿ ಶುರುವಾಗಿ ತಿಂಗಳಾಗಿತ್ತಷ್ಟೆ. ನಾನು ಸಾಗರದ ಖಜಾನೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ನಮ್ಮನೆಯವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಆಗ ಎಸ್ಸೆಸ್ಸೆಲ್ಸಿ. ಜೊತೆಗೆ ಅತ್ತೆ.

ಬರೆಯುವುದಕ್ಕೆ ನನಗೆ ಸಿಗುತ್ತಿದ್ದುದು ಬೆಳಗಿನ ಜಾವ ಮಾತ್ರ. ನಾಲ್ಕೂವರೆಗೆ ಎದ್ದು ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೆ. ಕೂತರೆ ನಿದ್ದೆ ಬರುತ್ತಿತ್ತು. ಹಾಲಿನವನು ಬಂದರೆ ಅಂದಿನ ಬರವಣಿಗೆ ಮುಗಿಯಿತು. ನಾನು ಬರೆಯುವುದು ಪ್ರೇಮಕಥೆ. ಕಚೇರಿಯಲ್ಲಿ ಕೆಲವರಿಗೆ ಅದು ನಗುವ ವಿಷಯವಾಗಿತ್ತು. ಅತ್ತೆಗೆ ಮಾತ್ರ ಹಾಗಿರಲಿಲ್ಲ. ಅವರ ಟ್ರಂಕಿನಲ್ಲಿ ತ್ರಿವೇಣಿಯವರ ಕಾದಂಬರಿಗಳಿದ್ದವು. ವಾರಪತ್ರಿಕೆಗಳಿಂದ ಕಂತು ಕಂತಾಗಿ ಕತ್ತರಿಸಿ, ಗೋಣಿದಾರದಲ್ಲಿ ಹೊಲಿದಿಟ್ಟ ಧಾರಾವಾಹಿಗಳೂ ಇದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಓದಿದ್ದು ಅವನ್ನೇ. ತ್ರಿವೇಣಿ 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು, 35 ಕೂಡ ತುಂಬಿರಲಿಲ್ಲ ಎಂದು ನನಗೆ ಮೊದಲು ಹೇಳಿದವರು ಅತ್ತೆ. ತಮ್ಮ ಮನೆಯ ಸಾವೆಂಬಂತೆ ಹೇಳಿದ್ದರು.

ಆ ಡಿಸೆಂಬರಿನ ಒಂದು ದಿನ, ಎಂದಿನಂತೆ ಎದ್ದು ಬರೆಯುತ್ತಿದ್ದೆ. ಆರೂವರೆಯಾದರೂ ಅತ್ತೆ ಏಳಲಿಲ್ಲ. ಹೋಗಿ ನೋಡಿದೆ. ಕಣ್ಣು ಬಿಟ್ಟಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈ ಎತ್ತಿದರೆ ಬಿದ್ದುಹೋಗುತ್ತಿತ್ತು. ನನ್ನನ್ನು ಕರೆಯಲು ನೋಡಿದರು. ಮಾತು ಬರಲಿಲ್ಲ.

ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದೆವು. ಪಾರ್ಶ್ವವಾಯು ಎಂದರು. ಬಡಿದ ನಾಲ್ಕೂವರೆ ಗಂಟೆಯೊಳಗಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಬಹುದಂತೆ. ನಿದ್ದೆಯಲ್ಲಿ ಯಾವ ಹೊತ್ತಿಗೆ ಬಡಿಯಿತೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಕೊಡಲು ಬರುವುದಿಲ್ಲ ಎಂದರು. ನೋಡಲು ಬಂದ ನೆಂಟರೊಬ್ಬರು ನನ್ನನ್ನು ಕೇಳಿದರು: "ನೀನು ಎದ್ದೇ ಇದ್ದೆಯಲ್ಲ, ಗೊತ್ತಾಗ್ಲಿಲ್ವಾ?" ಸದ್ದೇ ಇಲ್ಲದೆ ಆಗುತ್ತದೆ, ಪಕ್ಕದಲ್ಲೇ ಮಲಗಿದ್ದರೂ ತಿಳಿಯುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರು. ಆದರೂ ಆ ಪ್ರಶ್ನೆ ಬಹಳ ದಿನ ನನ್ನ ಜೊತೆಗಿತ್ತು.

ಮನೆಗೆ ಕರೆತಂದಾಗ ಮೂಗಿನಲ್ಲಿ ನಳಿಕೆ ಇತ್ತು. ನರ್ಸ್ ಒಬ್ಬರು ಎಲ್ಲವನ್ನೂ ತೋರಿಸಿಕೊಟ್ಟರು. ತಲೆ ಎತ್ತರಿಸಿ ಗಂಜಿ ಬಿಡಬೇಕು. ಬಿಟ್ಟ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಿಗೆ ಹುಣ್ಣಾಗುತ್ತದೆ. ಮಡಿಚಿದ ಬೆಡ್‌ಶೀಟನ್ನು ಸೊಂಟದ ಕೆಳಗೆ ಹಾಕಿ, ಅದರ ಅಂಚು ಹಿಡಿದು ಎಳೆದರೆ ಒಬ್ಬರೇ ಹೊರಳಿಸಬಹುದು. ಅದೂ ಕಲಿತೆ. ಮಂಚದ ಕೆಳಗೆ ಚಾಪೆ ಹಾಕಿಕೊಂಡು ಮೊಬೈಲಿನಲ್ಲಿ ಅಲಾರಂ ಇಟ್ಟೆ. ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ.

ಬೆಳಗಿನ ಜಾವದ ಬರವಣಿಗೆ ಅಲ್ಲಿಗೆ ನಿಂತಿತು. ಪತ್ರಿಕೆಯವರಿಗೆ ನಾಲ್ಕು ಕಂತುಗಳು ಮುಂಚಿತವಾಗಿ ಬೇಕು. ಚಿತ್ರ ಬರೆಯುವವರು ಓದಬೇಕು, ಪುಟ ಕಟ್ಟಬೇಕು. ನನ್ನ ಕೈಯಲ್ಲಿದ್ದ ಕಂತುಗಳು ಜನವರಿಗೇ ಮುಗಿದವು. ಸಂಪಾದಕರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. "ಕಂತು ಚಿಕ್ಕದಾದರೂ ಪರವಾಗಿಲ್ಲಮ್ಮ, ಚಿತ್ರ ದೊಡ್ಡದು ಮಾಡ್ತೀವಿ" ಎಂದರು. ಆ ಒಂದು ಮಾತಿನಿಂದ ಧಾರಾವಾಹಿ ಉಳಿಯಿತು.

ಹನ್ನೆರಡರ ಸರದಿ ಮುಗಿಸಿ ಬರೆಯತೊಡಗಿದೆ. ದೀಪ ಹಾಕಿದರೆ ಅತ್ತೆಗೆ ಎಚ್ಚರವಾಗುತ್ತಿತ್ತು. ಮೊಬೈಲಿನ ಬೆಳಕು ತಗ್ಗಿಸಿ, ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ, ಹೆಬ್ಬೆರಳಿನಲ್ಲಿ ಟೈಪು ಮಾಡುತ್ತಿದ್ದೆ. ಕೈಗೆ ಡೆಟಾಲಿನ ವಾಸನೆ. ಎರಡಕ್ಕೆ ಅಲಾರಂ ಹೊಡೆದರೆ ವಾಕ್ಯದ ನಡುವೆಯೇ ಏಳಬೇಕು. "ಈಗ ಇದು ಬೇಕಾ?" ಎಂದು ನಮ್ಮನೆಯವರು ಒಮ್ಮೆ ಕೇಳಿದರು. ಕೋಪದಿಂದ ಕೇಳಲಿಲ್ಲ, ನನ್ನ ಮುಖ ನೋಡಿ ಕೇಳಿದರು. ಬೇಕು ಎಂದೆ. ಇಡೀ ದಿನದಲ್ಲಿ ನಾನು ಬೇರೆ ಯಾರ ಬಿಲ್ಲನ್ನೂ, ಯಾರ ಬಟ್ಟೆಯನ್ನೂ, ಯಾರ ಪಾಠವನ್ನೂ ನೋಡದೆ ಇರುತ್ತಿದ್ದ ಹೊತ್ತು ಅದೊಂದೇ. ಸುಸ್ತಿತ್ತು, ಸಿಟ್ಟೂ ಇತ್ತು. ಯಾರ ಮೇಲೆ ಸಿಟ್ಟು ಎಂದು ಹೇಳಲು ಬರುವುದಿಲ್ಲ.

ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ಅರಳಗೋಡು ಕಡೆಯವಳು. ಅದೇ ಹೊತ್ತಿಗೆ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹಬ್ಬಿ ಜನ ಸತ್ತರು. ತಮ್ಮನಿಗೆ ಜ್ವರ ಎಂದು ಊರಿಗೆ ಹೋದವಳು ತಿರುಗಿ ಬರಲಿಲ್ಲ. ಅವಳನ್ನು ದೂರಲಾರೆ. ಬೇರೆಯವರು ಸಿಗಲಿಲ್ಲ. ಮಗಳಿಗೆ ಓದುವ ರಜೆ ಸಿಕ್ಕಿತ್ತು, ಅಜ್ಜಿಯ ಪಕ್ಕದಲ್ಲೇ ಕೂತು ಗಣಿತ ಮಾಡಿದಳು. ಮಂಡಿಯಲ್ಲಿ ಸುಗ್ಗಿಯ ಹೊತ್ತಾದರೂ ನಮ್ಮನೆಯವರು ಲೆಕ್ಕದ ಪುಸ್ತಕಗಳನ್ನು ಮನೆಗೆ ತಂದುಕೊಂಡು ಮಧ್ಯಾಹ್ನದವರೆಗೆ ಇಲ್ಲೇ ಬರೆದರು.

ಇಷ್ಟು ಹೊತ್ತಿಗೆ ನಳಿಕೆ ತೆಗೆದಿದ್ದರು. ಚಮಚದಲ್ಲಿ ಗಟ್ಟಿ ಗಂಜಿ ಕೊಡುತ್ತಿದ್ದೆ. ಕೊಡುವಾಗ ಬರೆದ ಕಂತನ್ನು ಓದಿ ಹೇಳುತ್ತಿದ್ದೆ. ಒಂದು ಕಡೆ ನಾಯಕಿ ನಾಯಕನನ್ನು ಬಾಗಿಲಿನಿಂದಲೇ ಕಳಿಸಿಬಿಡುತ್ತಾಳೆ. ಅದನ್ನು ಓದುವಾಗ ಅತ್ತೆ ಎಡಗೈಯಿಂದ ನನ್ನ ಮೊಣಕೈ ಹಿಡಿದು ಜಗ್ಗಿದರು, ಗಂಟಲಲ್ಲಿ ಏನೋ ಸದ್ದು ಮಾಡಿದರು. ಕಥೆ ಅರ್ಥವಾಗಿತ್ತೋ, ನೀರು ಬೇಕಿತ್ತೋ ಹೇಳಲಾರೆ. ನೀರು ಕೊಟ್ಟೆ. ಕುಡಿಯಲಿಲ್ಲ.

ಮಾರ್ಚ್‌ನಲ್ಲಿ ಒಂದು ರಾತ್ರಿ ಗಂಜಿ ನೆತ್ತಿಗೇರಿತು. ಕೆಮ್ಮು ನಿಲ್ಲಲಿಲ್ಲ, ತುಟಿ ನೀಲಿಯಾಯಿತು. ಹೊರಳಿಸಿ ಬೆನ್ನು ತಟ್ಟಿದೆವು. ಪಕ್ಕದ ಮನೆಯವರು ಲುಂಗಿಯಲ್ಲೇ ಆಟೋ ತೆಗೆದರು. ಉಸಿರು ತಿರುಗಿತು, ಆದರೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ನಾನು ಹೆದರಿದಷ್ಟು ಬೇರೆ ಎಂದೂ ಹೆದರಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಾಗ ಕೈ ನಡುಗುತ್ತಿತ್ತು.

ಆ ವಾರ ಕಳಿಸಬೇಕಾಗಿದ್ದದ್ದು ನಾಯಕ ಮೊದಲ ಸಲ ನಾಯಕಿಯ ಕೈ ಹಿಡಿಯುವ ಕಂತು. ಅದೇ ಬೆಂಚಿನ ಮೇಲೆ ಬರೆದೆ. ಕೈಯ ವಿಷಯ ಬರೆಯುವುದು ಕಷ್ಟವಾಗಲಿಲ್ಲ. ಮೂರು ತಿಂಗಳಿಂದ ಅತ್ತೆಯ ಬಲಗೈಯನ್ನು ಎತ್ತಿ ಎತ್ತಿ ಇಟ್ಟಿದ್ದೆ. ಬಲವಿಲ್ಲದ ಕೈ ಎಷ್ಟು ಭಾರ ಎಂದು ಗೊತ್ತಿತ್ತು. ತಾನಾಗಿ ಬಂದು ಹಿಡಿದುಕೊಳ್ಳುವ ಕೈ ಬೇರೆ ಎಂಬುದೂ ಗೊತ್ತಿತ್ತು. ಆ ಕಂತು ಚೆನ್ನಾಗಿದೆ ಎಂದು ನಾನು ಈಗಲೂ ನಂಬಿದ್ದೇನೆ.

ತಿಂಗಳ ಕೊನೆಗೆ ಅತ್ತೆ ಮನೆಗೆ ಮರಳಿದ್ದರು. ಆ ವರ್ಷ ಮಾರ್ಚ್ 31 ಭಾನುವಾರ. ಆರ್ಥಿಕ ವರ್ಷದ ಕೊನೆಯ ದಿನವಾದ್ದರಿಂದ ರಜೆ ಇಲ್ಲ. ಎಲ್ಲ ಇಲಾಖೆಗಳೂ ಅನುದಾನ ವಾಪಸ್ಸು ಹೋದೀತೆಂದು ಬಿಲ್ಲು ತಂದು ಸುರಿಯುತ್ತವೆ. ಒಂದು ಅಂಕಿ ತಪ್ಪಿದರೂ ಆಕ್ಷೇಪಣೆ ಹಾಕಿ ಹಿಂದಕ್ಕೆ ಕಳಿಸಬೇಕು. ರಾತ್ರಿ ಎಂಟರ ಹೊತ್ತಿಗೆ ಕಂಪ್ಯೂಟರಿನ ಅಂಕಿಗಳು ಎರಡೆರಡಾಗಿ ಕಾಣತೊಡಗಿದವು. ನಮ್ಮ ಮುಖ್ಯ ಲೆಕ್ಕಿಗರು ಏನೂ ಕೇಳದೆ ನನ್ನ ಮುಂದಿದ್ದ ಬಿಲ್ಲಿನ ಕಟ್ಟನ್ನು ತಮ್ಮ ಮೇಜಿಗೆ ಎತ್ತಿಕೊಂಡರು. "ಮನೆಗೆ ಹೋಗಿ, ಹತ್ತರ ಸರದಿ ತಪ್ಪಬಾರದು" ಎಂದರು. ಎರಡು ಗಂಟೆಗೊಮ್ಮೆ ಹೊರಳಿಸುವ ವಿಷಯ ಯಾವಾಗಲೋ ಊಟದ ಹೊತ್ತಿನಲ್ಲಿ ಹೇಳಿದ್ದೆ. ಅವರು ನೆನಪಿಟ್ಟುಕೊಂಡಿದ್ದರು.

ಏಪ್ರಿಲ್‌ನಲ್ಲಿ ನನ್ನ ಬೆನ್ನು ಹಿಡಿದುಕೊಂಡಿತು. ಬಗ್ಗಿದರೆ ಏಳಲು ಆಗುತ್ತಿರಲಿಲ್ಲ. ಆಗ ನಮ್ಮನೆಯವರು ಎರಡರ ಮತ್ತು ನಾಲ್ಕರ ಸರದಿ ವಹಿಸಿಕೊಂಡರು. ತಾಯಿಯ ಬಟ್ಟೆ ಬದಲಿಸಲು ಮೊದಮೊದಲು ಅವರಿಗೆ ಸಂಕೋಚ. ನಂತರ ಅದೂ ಹೋಯಿತು. ನನಗೆ ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಸಿಕ್ಕಿತು. ಮೊದಲೇ ಹಾಗೆ ಹಂಚಿಕೊಳ್ಳಬಹುದಿತ್ತು. ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ಸೊಸೆ ಮಾಡುವ ಕೆಲಸ ಎಂದೇ ಎಲ್ಲರೂ ನಂಬಿದ್ದೆವು, ನಾನೂ ಸೇರಿ.

ಅತ್ತೆ 2019ರ ಆಗಸ್ಟ್ ಮೊದಲ ವಾರ ಹೋದರು. ಮಳೆ ಹುಚ್ಚಾಪಟ್ಟೆ ಸುರಿಯುತ್ತಿತ್ತು, ಕರೆಂಟು ಇರಲಿಲ್ಲ. ಕೊನೆಯವರೆಗೂ ಬೆನ್ನಿಗೆ ಹುಣ್ಣಾಗಲಿಲ್ಲ. ಮೈ ತೊಳೆಸುವಾಗ ಹಿರಿಯ ಹೆಂಗಸೊಬ್ಬರು ಅದನ್ನು ನೋಡಿ ಗಟ್ಟಿಯಾಗಿ ಹೇಳಿದರು. ನಾನು ಅತ್ತದ್ದು ಆಗ.

ಧಾರಾವಾಹಿಯಲ್ಲಿ ಎರಡು ಕಂತು ಬಾಕಿಯಿತ್ತು. ನಿಲ್ಲಿಸುವುದಾದರೆ ನಿಲ್ಲಿಸಿ, ಓದುಗರಿಗೆ ತಿಳಿಸುತ್ತೇವೆ ಎಂದು ಸಂಪಾದಕರು ಹೇಳಿದರು. ಸಾವಾದ ಮನೆಯಲ್ಲಿ ಮದುವೆಯ ಪ್ರಸಂಗ ಬರೆಯುವುದೇ ಎಂದು ಮನೆಯಲ್ಲೇ ಒಬ್ಬರು ಅಂದರು. ಸೂತಕ ಕಳೆದ ಮೇಲೆ ಕೂತು ಬರೆದೆ. ನಾಯಕ ನಾಯಕಿ ಒಂದಾದರು. ಹಾಗಾಗುತ್ತದೆ ಎಂದು ನಂಬಿ ವಾರ ವಾರ ಕಾದು ಓದಿದವರಿದ್ದರು. ಅವರಿಗೆ ಮೋಸ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ. ಪತ್ರಿಕೆಯಿಂದ ಬಂದ ಗೌರವಧನ ಅತ್ತೆಗೆಂದು ತಂದಿದ್ದ ಏರ್‌ಬೆಡ್‌ನ ಸಾಲಕ್ಕೆ ಸರಿಹೋಯಿತು.

ಈಗಲೂ ಖಜಾನೆಯಲ್ಲೇ ಇದ್ದೇನೆ, ಪ್ರೇಮಕಥೆಯನ್ನೇ ಬರೆಯುತ್ತೇನೆ. ಇದನ್ನು ಓದುವವರಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಅವರ ರಾತ್ರಿಗಳನ್ನೆಲ್ಲ ಒಬ್ಬ ಹೆಂಗಸಿನ ಮೇಲೆ ಹಾಕಬೇಡಿ. ಗಂಡಸರೂ ಬೆಳೆದ ಮಕ್ಕಳೂ ಸರದಿ ಹಂಚಿಕೊಳ್ಳಿ. ಅವಳಿಗೆ ವಾರಕ್ಕೆ ಒಂದು ರಾತ್ರಿಯನ್ನಾದರೂ ಬಿಟ್ಟುಕೊಡಿ. ಆ ರಾತ್ರಿ ಅವಳು ನಿದ್ದೆ ಮಾಡಲಿ, ಬರೆಯಲಿ, ಸುಮ್ಮನೆ ಕೂತಿರಲಿ, ಏನು ಮಾಡಿದೆ ಎಂದು ಲೆಕ್ಕ ಕೇಳಬೇಡಿ.