ಹಾಲಿನ ಲೆಕ್ಕದ ವಹಿಯಲ್ಲಿ ಹಕ್ಕಿಗಳು

ಹೊಸ ವರ್ಷದ ಮೊದಲನೇ ದಿನ ನೀವೇನು ಮಾಡುತ್ತೀರಿ? ಕ್ಯಾಲೆಂಡರ್ ಬದಲಿಸುತ್ತೀರಿ. ಹಾಲಿನವನ ಹಳೇ ಬಾಕಿ ತೀರಿಸುತ್ತೀರಿ. ಈ ವರ್ಷವಾದರೂ ಸಿಹಿ ಕಡಿಮೆ ಮಾಡಬೇಕೆಂದು ಬೆಳಿಗ್ಗೆ ನಿಶ್ಚಯಿಸಿ ಸಂಜೆಗೆ ಮುರಿಯುತ್ತೀರಿ. ನಾನೂ ಅಷ್ಟನ್ನೂ ಮಾಡುತ್ತೇನೆ. ಜೊತೆಗೆ ಇನ್ನೊಂದು ಕೆಲಸವಿದೆ. ಚಹಾಕ್ಕೆ ನೀರಿಟ್ಟು, ಹಾಲಿನ ಲೆಕ್ಕದ ವಹಿಯನ್ನು ಹಿಂಬದಿಯಿಂದ ತಿರುವಿ, ‘ನಂಬರ್ 1. ಕಾಗೆ. ಮಾಳಿಗೆ, ಕಲಬುರಗಿ’ ಎಂದು ಬರೆಯುತ್ತೇನೆ. ಪ್ರತಿ ವರ್ಷವೂ ಕಾಗೆಯೇ! ಒಂದು ಸಲ ಗಿಳಿಯನ್ನೇ ಮೊದಲು ನೋಡಬೇಕೆಂದು ಕಣ್ಣು ಮುಚ್ಚಿ ಮೆಟ್ಟಿಲು ಹತ್ತಲು ಹೋಗಿ ಮೊಣಕಾಲು ಕೆತ್ತಿಸಿಕೊಂಡೆ. ಕಣ್ಣು ಬಿಟ್ಟರೆ ಎದುರಿಗೆ ಕಾಗೆ.

ಇದು ನನ್ನ ವರ್ಷದ ಪಟ್ಟಿ. ಜನವರಿಯಿಂದ ಡಿಸೆಂಬರ್ ತನಕ ಕಣ್ಣಿಗೆ ಬಿದ್ದ ಕಾಡುಹಕ್ಕಿ, ಕಾಡುಪ್ರಾಣಿಗಳ ಹೆಸರು, ತಾರೀಖು, ಜಾಗ. ಒಂದು ಜಾತಿಗೆ ವರ್ಷಕ್ಕೆ ಒಂದೇ ನಂಬರು. ಡಿಸೆಂಬರ್ 31ಕ್ಕೆ ಗೆರೆ ಎಳೆದು ಎಣಿಸುವುದು, ಮರುದಿನ ಮತ್ತೆ ಕಾಗೆಯಿಂದ ಶುರು. ಕಳೆದ ವರ್ಷ ಹಕ್ಕಿ 61, ಪ್ರಾಣಿ 9. ಸಾಕಿದ್ದು ಲೆಕ್ಕಕ್ಕಿಲ್ಲ. “ನಮ್ಮ ಓಣಿಯ ಹಂದಿ ಸೇರಿಸಿಬಿಡು, ಹತ್ತಾಗ್ತದ” ಎಂದು ನಮ್ಮವರು ಚೇಷ್ಟೆ ಮಾಡುತ್ತಾರೆ. ಸೇರಿಸುವುದಿಲ್ಲ. ಇಣಚಿ, ಮುಂಗುಲಿ, ಮಂಗ, ಮುಸುವ ಎಲ್ಲ ಸೇರುತ್ತವೆ. ಬಾವಲಿಗಳಲ್ಲಿ ಯಾವುದು ಯಾವ ಜಾತಿಯೋ ನನಗೆ ತಿಳಿಯದು, ಎಲ್ಲಕ್ಕೂ ಸೇರಿ ಒಂದೇ ನಂಬರು.

ಅಮೆರಿಕದಲ್ಲಿ ಫೀಬಿ ಸ್ನೆಟ್ಸಿಂಗರ್ ಎಂಬ ಗೃಹಿಣಿ ಇದ್ದಳು, ನಾಲ್ಕು ಮಕ್ಕಳ ತಾಯಿ. 1981ರಲ್ಲಿ ಆಕೆಗೆ ಕ್ಯಾನ್ಸರ್ ಎಂದು ಹೇಳಿದರು. ಆಕೆ ಹಾಸಿಗೆ ಹಿಡಿಯದೆ ಹಕ್ಕಿ ನೋಡಲು ಹೊರಟಳು. 1999ರಲ್ಲಿ ಮಡಗಾಸ್ಕರಿನಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡಾಗ ಆಕೆಯ ಪಟ್ಟಿಯಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಜಾತಿಗಳಿದ್ದವು. ನನ್ನ ಪ್ರಪಂಚ ಅಷ್ಟು ದೊಡ್ಡದಲ್ಲ ನೋಡಿ. ಬೆಳಿಗ್ಗೆ ಹೆಂಗಸೊಬ್ಬಳು ದುರ್ಬೀನು ಹಿಡಿದು ಅಪ್ಪನ ಕೆರೆಯ ದಂಡೆಯಲ್ಲಿ ಸುಮ್ಮನೆ ನಿಂತರೆ, ಹೋಗುವವರು ಬರುವವರು ಎಲ್ಲ “ಏನ್ ಕಳದದ್ರೀ ಅಕ್ಕಾರ?” ಎಂದು ಕೇಳುತ್ತಾರೆ. ಒಬ್ಬರಂತೂ ನನ್ನ ಜೊತೆ ಹತ್ತು ನಿಮಿಷ ಹುಡುಕಿಯೂ ಕೊಟ್ಟರು, ಏನನ್ನೆಂದು ಕೇಳದೆ! ಹಾಗಾಗಿ ನನ್ನ ಪಟ್ಟಿ ಹೆಚ್ಚಾಗಿ ತುಂಬುವುದು ಮಾಳಿಗೆಯ ಮೇಲೆ, ಮತ್ತು ಕಮಲಾಪುರದ ಬಸ್ಸಿನ ಕಿಟಕಿಯಲ್ಲಿ.

ಕಮಲಾಪುರ ಎಂದರೆ ನಿಮಗೆ ಕೆಂಪು ಬಾಳೆಹಣ್ಣು ನೆನಪಾಗಬೇಕು. ನನಗೆ ಅದು ಅತ್ತೆಮನೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ತಾಸಿನ ದಾರಿ. ಎರಡೂ ಬದಿಗೆ ಎರೆ ಹೊಲ, ತೊಗರಿ, ಜೋಳ. ತಂತಿಯ ಮೇಲೆ ಕಾಜಾಣ. ಜೋಳಕ್ಕೆ ತೆನೆ ಬಂತೆಂದರೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಬಂತೆಂದೇ ತಿಳಿಯಿರಿ. ಮಧ್ಯ ಏಷ್ಯಾದ ಕಡೆಯಿಂದ ಬರುವ ಬೀಗರು ಅವು. ತೆನೆಯನ್ನೂ ತಿನ್ನುತ್ತವೆ, ಮಿಡತೆಯನ್ನೂ ತಿನ್ನುತ್ತವೆ. ರೈತ ಬೈಯಬೇಕೋ ಹೊಗಳಬೇಕೋ ತಿಳಿಯದೆ ಕವಣೆ ಬೀಸುತ್ತಾನೆ. ಇನ್ನು ನೀಲಕಂಠ, ನಮ್ಮ ರಾಜ್ಯದ ಹಕ್ಕಿ. ಕೂತಾಗ ಮಣ್ಣುಬಣ್ಣದ ಬಡಪಾಯಿ, ರೆಕ್ಕೆ ಬಿಚ್ಚಿದರೆ ಇಳಕಲ್ ಸೀರೆಯ ಅಂಗಡಿ. ದಸರೆಯ ದಿನ ಕಂಡರೆ ಶುಭವೆಂದು ನಂಬಿಕೆ. ಹಾಗೆಂದೇ ಅದನ್ನು ಹಿಡಿದು ಕಟ್ಟಿ, ಮನೆಬಾಗಿಲಿಗೆ ತಂದು ತೋರಿಸಿ ಕಾಸು ಕೇಳುವವರೂ ಉಂಟು. 1972ರ ಕಾಯಿದೆ ಬೇಡವೆನ್ನುತ್ತದೆ. ಕಟ್ಟಿದ ಹಕ್ಕಿ ನನ್ನ ಪಟ್ಟಿಗೂ ಬಾರದು.

ಇಷ್ಟು ನಿಯಮ ಹೇಳುವ ನಾನೇ ಒಮ್ಮೆ ಕಳ್ಳಲೆಕ್ಕ ಬರೆದೆ. ಒಂದು ಮುಸ್ಸಂಜೆ ಬಸ್ಸಿನಿಂದ ತೊಗರಿ ಹೊಲದ ಬದುವಿನ ಮೇಲೆ ಬೂದುಬಣ್ಣದ್ದೊಂದು ಓಡಿದ್ದು ಕಂಡಿತು. ‘ತೋಳ’ ಎಂದು ಬರೆದೆ. ಬರೆಯುವಾಗಲೇ ಒಳಗೆ ಅನುಮಾನವಿತ್ತು, ಆದರೆ ತೋಳ ಎಂದರೆ ತೋಳ! ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಹೇಳಿದೆ. ಹೇಳಿದಂತೆಲ್ಲ ಅದು ದೊಡ್ಡದಾಯಿತು. ತಿಂಗಳ ನಂತರ ಅದೇ ಜಾಗದ ಧಾಬಾದೆದುರು ಬಸ್ಸು ನಿಂತಾಗ, ಅದೇ ಬೂದುಬಣ್ಣದ ತೋಳ ಕೊರಳಿಗೆ ಪಟ್ಟಿ ಹಾಕಿಕೊಂಡು ರೊಟ್ಟಿ ತಿನ್ನುತ್ತಿತ್ತು. ಮನೆಗೆ ಬಂದು ಹೊಡೆದುಹಾಕಿದೆ. ಹಾಳೆ ಹರಿಯಲಿಲ್ಲ. ಅಡ್ಡಗೆರೆಯ ಕೆಳಗೆ ‘ತೋಳ’ ಈಗಲೂ ಓದಲಿಕ್ಕೆ ಬರುತ್ತದೆ. ಇರಲಿ.

ಅಲ್ಲಿಂದ ನಿಯಮ ಬಿಗಿಯಾಯಿತು: ಕಣ್ಣಾರೆ ಕಂಡದ್ದು ಮಾತ್ರ. ಇದರಿಂದಲೇ ಅತ್ತೆಗೂ ನನಗೂ ಜಗಳ ಬಂದದ್ದು.

ಅತ್ತೆಗೆ ಎರಡೂ ಕಣ್ಣಿಗೆ ಪೊರೆ. ಒಂದರದ್ದು ತೆಗೆಸಿದ್ದಾಯಿತು, ಆದರೂ ದೂರದ್ದು ಕಾಣದು. ಕಿವಿ ಮಾತ್ರ ಚುರುಕು. ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತವರು, “ತಂಗಿ, ಬೇಲಿ ಆಚೆ ಗೌಜಲಕ್ಕಿ ಅದ, ಬರಕೋ” ಎನ್ನುವರು. ನಾನು ಓಡಿಹೋಗಿ ನೋಡಿದರೆ ಏನೂ ಇಲ್ಲ.

“ಕಂಡಿಲ್ಲ ಅತ್ತಿ, ಹ್ಯಾಂಗ ಬರೀಲಿ?”

“ನಾ ಕೇಳೀನಲ್ಲ?”

“ಕೇಳಿದ್ದು ನಡೆಯೋದಿಲ್ಲ.”

“ಹಂಗಾರ ನಾ ಈಗ ನೋಡಿದ್ದು ಏನೂ ಇಲ್ಲ ಅಂತ ಬರಕೋ” ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಎರಡು ದಿನ ಮಾತಿಲ್ಲ. ಅವರೆಕಾಳಿನ ಸಾರಿಗೆ ಉಪ್ಪು ಸಹ ನಾನೇ ಅಂದಾಜಿಗೆ ಹಾಕಬೇಕಾಯಿತು.

ಮೂರನೇ ದಿನ ಅವರೇ ಮಾತು ತೆಗೆದರು. “ನಿನ್ನ ವಹಿಯೊಳಗ ರಣಹದ್ದು ಅದ ಏನು?” ಇಲ್ಲ, ಒಂದು ವರ್ಷವೂ ಇಲ್ಲ. “ನಾ ಈ ಮನಿಗಿ ಸೊಸಿಯಾಗಿ ಬಂದಾಗ, ಊರ ಹೊರಗ ಸತ್ತ ದನ ಒಗೀತಿದ್ರು. ಅಲ್ಲಿ ಹಿಂಡ ಹಿಂಡ ಕುಂಡ್ರತಿದ್ದವು. ಎಣಿಸಲಿಕ್ಕೆ ಯಾರಿಗಿ ಬೇಕಾಗಿತ್ತು? ಮಾರಿ ತಿರುವಿ ಹೋಗ್ತಿದ್ದಿವಿ.”

ನೀವೂ ಕೇಳಿರಬಹುದು. ದನಗಳ ನೋವು, ಬಾವಿಗೆ ಡೈಕ್ಲೊಫೆನಾಕ್ ಎಂಬ ಮದ್ದು ಕೊಡುತ್ತಿದ್ದರು. ಆ ಮದ್ದು ಮೈಯಲ್ಲಿದ್ದು ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸತ್ತವು. 1992ರಿಂದ 2007ರೊಳಗೆ ನಮ್ಮ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಸುಮಾರು ಒಂದರಂತೆ ಉಳಿಯಿತು. ಕಾರಣ ಗೊತ್ತಾದದ್ದು 2004ರ ಹೊತ್ತಿಗೆ, ದನಗಳಿಗೆ ಆ ಮದ್ದು ನಿಷೇಧವಾದದ್ದು 2006ರಲ್ಲಿ. ಹಿಂದೆ ಅಲ್ಲಲ್ಲಿ ಯಾರೋ ಎಣಿಸಿ ಬರೆದಿಟ್ಟಿದ್ದರಿಂದಲೇ ಇಷ್ಟಾದರೂ ಗೊತ್ತಾಯಿತು. ಕಮಲಾಪುರದ ಲೆಕ್ಕ ಮಾತ್ರ ನಮ್ಮತ್ತೆಯ ಬಾಯಲ್ಲಷ್ಟೇ ಇದೆ. ಎಷ್ಟಿದ್ದವು, ಯಾವ ವರ್ಷ ಕಡೆಯದಾಗಿ ಬಂದವು ಎಂದರೆ ಅವರಿಗೂ ನೆನಪಿಲ್ಲ. ಹಿಂಡುಗಟ್ಟಲೆ ಇರುವುದನ್ನು ಯಾರು ತಾನೆ ಬರೆದಿಡುತ್ತಾರೆ ಹೇಳಿ? ನಾನೂ ಅಷ್ಟೇ. ತೋಳಕ್ಕೆ ಹಾತೊರೆದವಳು, ಗುಬ್ಬಿಗೆ ಒಂದು ಸಲ ನಂಬರು ಕೊಟ್ಟು ಮರೆತುಬಿಡುತ್ತಿದ್ದೆ.

ಈಗ ಪುಟದ ಮಧ್ಯೆ ಗೆರೆ ಎಳೆದಿದ್ದೇನೆ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅತ್ತೆ ಕೇಳಿದ್ದು’. ಕಾಗೆ, ಗುಬ್ಬಿ, ಬೆಳವಗಳನ್ನು ತಿಂಗಳಿಗೊಮ್ಮೆ ಎಷ್ಟಿವೆಯೆಂದು ಎಣಿಸಿಯೇ ಬರೆಯುತ್ತೇನೆ. ನಿಮಗೆ ಮನಸ್ಸಿದ್ದರೆ ಮಾಳಿಗೆ, ಹಿತ್ತಲು, ಅಡಿಗೆಮನೆ ಕಿಟಕಿ ಯಾವುದಾದರೂ ಸಾಕು. ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ತುಂಬ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ನಮ್ಮ ದೇಶವೂ 2013ರಿಂದ ಸೇರಿದೆ. ಕಾಲು ತಾಸು ಒಂದೆಡೆ ನಿಂತು, ಕಂಡದ್ದು ಕೇಳಿದ್ದು ಎರಡನ್ನೂ ಎಣಿಸಿ ಫೋನಿನಲ್ಲೇ ಬರೆದು ಕಳಿಸಬಹುದು. ಹೌದು, ಕೇಳಿದ್ದೂ ಅಲ್ಲಿ ನಡೆಯುತ್ತದೆ! ಈ ಸಂಗತಿಯನ್ನು ನಾನು ಅತ್ತೆಗೆ ತಡವಾಗಿ ಹೇಳಿದೆ.

ಈ ವರ್ಷ ಜನವರಿ ಒಂದಕ್ಕೆ ಕಮಲಾಪುರದಲ್ಲೇ ಇದ್ದೆವು. ನಾನಿನ್ನೂ ಚಹಾಕ್ಕೆ ನೀರಿಡುತ್ತಿದ್ದೆ, ಅಂಗಳದಿಂದ ದನಿ ಬಂತು: “ತಂಗಿ, ಬರಕೋ. ನಂಬರ್ ಒಂದು, ಗೌಜಲಕ್ಕಿ.” ಬಲಗಡೆ ಬರೆದು ಮಾಳಿಗೆ ಹತ್ತಿದೆ. ಎಡಗಡೆಗೆ ಕಾಗೆಯೇ ಬಂತು.