ಸ್ಟಾಕ್‌ಹೋಮಿನಲ್ಲಿ ಒಂದು ದಿನ, ಚೀಲದಲ್ಲಿ ಶೇಂಗಾ ಚಟ್ನಿ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಳಸಾಪುರದ ಹೆಂಗಸರು ಮೊದಲು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಉಣ್ಣಾಕ ಏನ್ ಮಾಡಿದ್ರಿ?" ನೋಡಿದ್ದರ ವಿಚಾರ ಆಮೇಲೆ. ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿನಲ್ಲಿ, ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಬಂದ ನನಗೂ ಈ ಪ್ರಶ್ನೆ ತಪ್ಪಲಿಲ್ಲ. ಅದಕ್ಕೇ ಅಲ್ಲಿನ ಒಂದು ದಿನದ ತಿರುಗಾಟವನ್ನೂ ತಿಂಡಿಯನ್ನೂ ಕೂಡಿಸಿಯೇ ಬರೆಯುತ್ತಿದ್ದೇನೆ.

ನಾನು ಹೋದದ್ದು ಮೊಮ್ಮಗನ ಸಲುವಾಗಿ. ಕೂಸಿಗೆ ಎಂಟು ತಿಂಗಳು, ಸೊಸೆ ಮತ್ತೆ ಕೆಲಸಕ್ಕೆ ಹೊರಟಿದ್ದಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಬಜೆ ಬೇರು ಎಲ್ಲ ಕಟ್ಟಿಕೊಂಡು ಹೋದೆ. ಹೋಗಿ ನೋಡಿದರೆ ಮಗನೇ ರಜೆ ಹಾಕಿ ಮನೆಯಲ್ಲಿದ್ದಾನೆ! ಕೂಸಿನ ರಜೆಯನ್ನು ತಾಯಿ-ತಂದೆ ಇಬ್ಬರೂ ಹಂಚಿಕೊಳ್ಳುವ ಕಾನೂನು ಆ ದೇಶದಲ್ಲಿ 1974ರಿಂದಲೇ ಇದೆಯಂತೆ. ಈಗ ಒಂದು ಕೂಸಿಗೆ ಇಬ್ಬರಿಗೂ ಕೂಡಿ 480 ದಿನ. ಅದರಲ್ಲಿ 90 ದಿನ ತಂದೆಯದೇ ಪಾಲು. ಅವನು ತೆಗೆದುಕೊಳ್ಳದಿದ್ದರೆ ಅದು ಹೋದ ಹಾಗೆಯೇ, ಹೆಂಡತಿಗೆ ಬಿಟ್ಟುಕೊಡಲು ಬರುವುದಿಲ್ಲ. ಕೂಸಿಗೆ ಉಣಿಸುವುದು, ತೊಳೆಯುವುದು, ಮಲಗಿಸುವುದು ಎಲ್ಲ ಅವನೇ. ನಿಜ ಹೇಳಬೇಕೆಂದರೆ, ನನ್ನ ಕೈಗೆ ಕೆಲಸವಿಲ್ಲದಂತಾಗಿ ಒಳಗೊಳಗೇ ಕಸಿವಿಸಿಯಾಯಿತು.

"ಸುಮ್ಮನ ಕುಂತು ಏನ್ ಮಾಡ್ತಿ, ಊರು ನೋಡೋಣ ಬಾರವ್ವ" ಎಂದು ಜೂನ್ ತಿಂಗಳ ಒಂದು ದಿನ ಮಗ ಹೊರಡಿಸಿದ. ಕೂಸು ತಳ್ಳುಗಾಡಿಯಲ್ಲಿ, ಚಟ್ನಿ ಡಬ್ಬಿ ನನ್ನ ಚೀಲದಲ್ಲಿ.

ಸ್ಟಾಕ್‌ಹೋಮ್ ಹದಿನಾಲ್ಕು ನಡುಗಡ್ಡೆಗಳ ಮೇಲೆ ಕಟ್ಟಿದ ಊರು. ನೆಲದೊಳಗಿನ ರೈಲಿಗೆ ಸುಮಾರು ನೂರು ನಿಲ್ದಾಣ, ಅವುಗಳಲ್ಲಿ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಕಲಾವಿದರ ಕೈಚಳಕ. ನಡುವಿನ ದೊಡ್ಡ ನಿಲ್ದಾಣದಲ್ಲಿ ಬಂಡೆ ಕೊರೆದ ಬಿಳಿಯ ಛಾವಣಿಯ ತುಂಬ ನೀಲಿ ಬಳ್ಳಿ, ಎಲೆ. ಪಂಚಮಿಗೆ ಸುಣ್ಣ ಬಳಿದ ಗೋಡೆಯ ಮೇಲೆ ನಾವು ಚಿತ್ತಾರ ಬರೆಯುವ ನೆನಪಾಯಿತು.

ಮೊದಲು ಹಳೆಯ ಊರು, ಗಾಮ್ಲಾ ಸ್ಟಾನ್. ಕಲ್ಲುಹಾಸಿನ ಸಂದಿಗಳು. ಒಂದು ಓಣಿಯಂತೂ ಇಕ್ಕಟ್ಟಾದ ಕಡೆ ಬರೇ 90 ಸೆಂಟಿಮೀಟರ್ ಅಗಲ! ಅಲ್ಲಿನ ಚೌಕದಲ್ಲೇ ನೊಬೆಲ್ ಬಹುಮಾನದ ವಸ್ತುಸಂಗ್ರಹಾಲಯ. ನಮ್ಮ ಸಿ. ವಿ. ರಾಮನ್ 1930ರಲ್ಲಿ ಬಹುಮಾನ ತೆಗೆದುಕೊಂಡದ್ದು ಇದೇ ಊರಿನಲ್ಲಿ. ಹೆಂಡತಿ ಲೋಕಸುಂದರಿಯವರೂ ಜೊತೆಗಿದ್ದರು. ಡಿಸೆಂಬರಿನ ಆ ಥಂಡಿಯಲ್ಲಿ ಆಯಮ್ಮ ಸೀರೆಯುಟ್ಟು ಹೇಗೆ ತಡೆದರೋ ಎಂದುಕೊಂಡೆ.

ಹತ್ತೂವರೆಗೆ ಫೀಕಾ. ಹಾಗೆಂದರೆ ಕೆಲಸ ನಿಲ್ಲಿಸಿ ಕೂತು, ಮಾತಾಡುತ್ತ ಕಾಫಿ ಕುಡಿಯುವುದು. ಕಚೇರಿಯವರೂ ಇದನ್ನು ಬಿಡುವುದಿಲ್ಲ. ಜೊತೆಗೆ ದಾಲ್ಚಿನ್ನಿ ಇಲ್ಲವೇ ಏಲಕ್ಕಿ ಹಾಕಿದ ಸಿಹಿ ಬನ್ನು. ಮೊಟ್ಟೆಯಿಲ್ಲದ್ದನ್ನು ವಿಚಾರಿಸಿ ಮಗ ಏಲಕ್ಕಿ ಬನ್ನು ತಂದ. ಏಲಕ್ಕಿಯನ್ನು ಪುಡಿ ಮಾಡದೆ ತರಿತರಿಯಾಗಿ ಕುಟ್ಟಿ ಹಾಕಿದ್ದರಿಂದ ಹಲ್ಲಿಗೆ ಸಿಕ್ಕಾಗಲೆಲ್ಲ ಘಮ್ಮೆನ್ನುತ್ತಿತ್ತು. ಹೋಳಿಗೆ ಹೂರಣಕ್ಕೆ ಒಮ್ಮೆ ಹೀಗೆ ತರಿಯಾಗಿ ಹಾಕಿ ನೋಡಿರಿ. ಸುತ್ತಲಿನ ಮೇಜುಗಳಲ್ಲಿ ನಾಲ್ಕೈದು ಗಂಡಸರು, ಎಲ್ಲರ ಪಕ್ಕದಲ್ಲೂ ಒಂದೊಂದು ತಳ್ಳುಗಾಡಿ. ಒಬ್ಬ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ, ಇನ್ನೊಬ್ಬ ಕೂಸಿನ ಜೊಲ್ಲು ಒರೆಸುತ್ತಿದ್ದ. ಯಾರೂ ಅವರನ್ನು ತಿರುಗಿ ನೋಡಲಿಲ್ಲ, ನನ್ನೊಬ್ಬಳ ಹೊರತು.

ಅಲ್ಲಿಂದ ದೋಣಿಯಲ್ಲಿ ಯುರ್‌ಗೋರ್ಡನ್ ನಡುಗಡ್ಡೆಗೆ. ಅಲ್ಲಿ ವಾಸಾ ಎಂಬ ಹಡಗು ಇದೆ. ರಾಜ ಬಲು ಆಸೆಯಿಂದ ಕಟ್ಟಿಸಿದ್ದು. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟು, ಒಂದೂವರೆ ಕಿಲೋಮೀಟರ್ ಕೂಡ ಸಾಗದೆ ಗಾಳಿಗೆ ವಾಲಿ ಮುಳುಗಿತು. ಮೇಲೆ ಭಾರ ಹೆಚ್ಚು, ತಳಕ್ಕೆ ಭಾರ ಸಾಲದು. ನೀರಿನ ಕೊಡ ತಲೆಯ ಮೇಲೆ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 333 ವರ್ಷ ತಳದಲ್ಲಿದ್ದು 1961ರಲ್ಲಿ ಮೇಲೆ ಬಂತು. ಅಲ್ಲಿಯ ಸಮುದ್ರದಲ್ಲಿ ಉಪ್ಪು ಕಡಿಮೆ, ಹಾಗಾಗಿ ಮರ ತಿನ್ನುವ ಹುಳ ಇಲ್ಲ. ಹಡಗು ಉಳಿದದ್ದು ಅದಕ್ಕೇ. ಮೊದಲ ದಿನವೆಂದು ನಾವಿಕರು ಹೆಂಡಿರು ಮಕ್ಕಳನ್ನೂ ಹತ್ತಿಸಿಕೊಂಡಿದ್ದರಂತೆ. ಅವರ ಮರದ ಚಮಚ, ತಟ್ಟೆ, ಚಪ್ಪಲಿಗಳನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಮಧ್ಯಾಹ್ನ ಸ್ಕಾನ್‌ಸೆನ್. ದೇಶದ ಮೂಲೆಮೂಲೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಗುಡ್ಡದ ಮೇಲೆ ಮತ್ತೆ ಕಟ್ಟಿದ್ದಾರೆ, 1891ರಲ್ಲಿ ಶುರುವಾದದ್ದು. ಶಿಗ್ಗಾಂವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಿದವರಿಗೆ ಸ್ವಲ್ಪ ಕಲ್ಪನೆ ಬಂದೀತು. ಅಲ್ಲಿ ಹಳ್ಳಿಯ ಜೀವನವನ್ನು ಬೊಂಬೆಗಳಲ್ಲಿ ತೋರಿಸಿದ್ದರೆ, ಇಲ್ಲಿ ಹಳೆಯ ಉಡುಪಿನ ಹೆಂಗಸರೇ ಒಲೆಯ ಮುಂದೆ ಕೂತಿರುತ್ತಾರೆ. ಒಂದು ಅಡಿಗೆಮನೆಯಲ್ಲಿ ತಲೆಯೆತ್ತಿ ನೋಡಿದೆ: ಜಂತಿಯ ಕೆಳಗೆ ಕೋಲು, ಕೋಲಿಗೆ ಪೋಣಿಸಿದ ದುಂಡನೆಯ ರೊಟ್ಟಿಗಳು! ರೈ ಎಂಬ ಧಾನ್ಯದ ಹಿಟ್ಟಿನದು, ನಡುವೆ ತೂತು. ಒಂದು ಸಲ ಸುಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹೆಸರು ಕ್ನೆಕೆಬ್ರೆಡ್, ನನ್ನ ಮಟ್ಟಿಗೆ ಕಟಕ ರೊಟ್ಟಿ. ಬುಟ್ಟಿಗಟ್ಟಲೆ ಜೋಳದ ರೊಟ್ಟಿ ಬಡಿದ ಕೈ ನನ್ನದು, ಆ ದೇಶದ ಹೆಂಗಸರ ಮೇಲೆ ಥಟ್ಟನೆ ಅಕ್ಕರೆ ಹುಟ್ಟಿತು.

ಊಟಕ್ಕೆ ಗಿಡದ ಕೆಳಗೆ ಕೂತೆವು. ಸುತ್ತಲಿನವರು ಮಾಂಸದ ಉಂಡೆ ತಿನ್ನುತ್ತಿದ್ದರು. ನಾವು ಆ ರೊಟ್ಟಿ ಮುರಿದು, ನಮ್ಮ ಮೊಸರಿಗೆ ಹತ್ತಿರದ ಫಿಲ್‌ಮ್ಯೋಲ್ಕಿಗೆ ಶೇಂಗಾ ಚಟ್ನಿ ಕಲಸಿ ಹಚ್ಚಿಕೊಂಡೆವು. ಏನು ಹೇಳಲಿ, ಅಮೃತ! ಮಗ ತೊಡೆಯ ಮೇಲಿದ್ದ ಕೂಸಿನ ಬಾಯಿಗೆ ಬಾಳೆಹಣ್ಣು ಇಡುತ್ತ, ನನ್ನ ಕಡೆ ನೋಡದೆಯೇ ಕೇಳಿದ:

"ಅಪ್ಪಾ ನನ್ನ ಯಾವಾಗರ ಎತ್ತಿಕೊಂಡಿದ್ನೇನವ್ವ?"

ರೊಟ್ಟಿ ಗಂಟಲಲ್ಲೇ ನಿಂತಿತು. ನಮ್ಮ ಕಾಲದ ರೀತಿ ನಿಮಗೆ ಗೊತ್ತು. ಹಿರಿಯರ ಎದುರಿಗೆ ಗಂಡಸು ತನ್ನ ಕೂಸನ್ನು ತಾನು ಎತ್ತಿಕೊಂಡರೆ ನಾಚಿಕೆಗೇಡು. ಪಡಸಾಲೆಯಲ್ಲಿ ಮಾವನವರಿದ್ದರೆ ಇವರು ಕೂಸು ಅತ್ತರೂ ಕಿವಿ ಕೇಳಿಸದವರಂತೆ ದಾಟಿ ಹೋಗುತ್ತಿದ್ದರು. ಮಗನಿಗೆ ನೆನಪಿರುವುದು ಆ ಅಪ್ಪನೇ.

"ಎತ್ತಿಕೊಂಡಿದ್ರಪಾ" ಎಂದೆ. "ಎಲ್ಲಾರೂ ಮಲಗಿದ ಮ್ಯಾಲೆ ನಿನ್ನ ಎತ್ತಿಕೊಂಡು ದನದ ಕೊಟ್ಟಿಗಿಗೆ ಹೋಗ್ತಿದ್ರು. ನಿನಗ ಆಕಳ ಕೋಡು ಮುಟ್ಟಿಸಿ ನಗಸ್ತಿದ್ರು. ಬಾಗಿಲಾ ಕಾಯಾಕ ನನ್ನ ನಿಂದರಸ್ತಿದ್ರು."

ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನನಗ ಹೇಳೇ ಇಲ್ಲಲ್ಲ" ಅಂದ. ಹೇಳುವ ಮಾತೆಂದು ನಮಗೆ ಯಾರಿಗೂ ಅನಿಸಿರಲಿಲ್ಲ.

ಅಲ್ಲಿ ಆ ತಿಂಗಳು ರಾತ್ರಿ ಹತ್ತಾದರೂ ಸೂರ್ಯ ಮುಳುಗುವುದಿಲ್ಲ. ಮನೆಗೆ ಬಂದಾಗ ಹಗಲಿನಂತೆಯೇ ಬೆಳಕು, ಕಳಸಾಪುರದಲ್ಲಿ ಮಾತ್ರ ನಡುರಾತ್ರಿ. ಮಗ ಬೆಳಿಗ್ಗೆ ಏಳುತ್ತಲೇ ಅಪ್ಪನಿಗೆ ವಿಡಿಯೋ ಕರೆ ಹಚ್ಚಿದ. ಕೂಸನ್ನು ಮುಂದೆ ಹಿಡಿದು, "ಅಪ್ಪಾ, ಇವಂಗೂ ನಮ್ಮ ಆಕಳಾ ತೋರಸು" ಎಂದ. ಇವರು ಒಂದು ಕ್ಷಣ ನನ್ನ ಮುಖ ನೋಡಿದರು. ಮರುಮಾತಾಡದೆ ಫೋನು ಹಿಡಿದುಕೊಂಡೇ ಕೊಟ್ಟಿಗೆಯ ಕಡೆ ನಡೆದರು.