ಹಿಂದೆ ಹೇಳುವವರು

ರಾಯಚೂರು ಕಡೆಯ ಭಜನಾ ಮೇಳವೊಂದು ಬೆಂಗಳೂರಿನ ವೇದಿಕೆ ಹತ್ತಿ ಇಳಿದಾಗಲೆಲ್ಲ ಒಂದೇ ಮಾತು ಕಿವಿಗೆ ಬೀಳುತ್ತದೆ: ‘ಚೆನ್ನಾಗಿತ್ತು, ಯಾಕೋ ಕಳೆಗಟ್ಟಲಿಲ್ಲ.’ ದೇವದುರ್ಗದ ಕಡೆ ಹಳ್ಳಿಯ ಮಠದಲ್ಲಿ ಅಮಾವಾಸ್ಯೆಯ ರಾತ್ರಿ ಬೆಳಗಿನ ಜಾವದ ತನಕ ಜನ ಕದಲದಂತೆ ಮಾಡುವ ಮೇಳವೇ ಅದು. ಅದೇ ಪೇಟಿ, ಅದೇ ಪದ. ಯಾರ ಗಂಟಲೂ ಕಟ್ಟಿರುವುದಿಲ್ಲ. ಇದಕ್ಕೆ ನಮ್ಮವರಲ್ಲಿ ಎರಡು ಸಿದ್ಧ ಉತ್ತರಗಳಿವೆ. ನಮ್ಮ ಮಾತು ಅವರಿಗೆ ತಿಳಿಯುವುದಿಲ್ಲ ಎಂಬುದು ಒಂದು, ಅವರಿಗೆ ರುಚಿಯೇ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ಸೋಮಾರಿತನ, ಎರಡನೆಯದು ಬರೀ ಬೈಗುಳ. ಭಜನೆಯ ಹುಚ್ಚು ಹತ್ತಿದವರಿಗೆ ಎರಡರಿಂದಲೂ ಸಮಾಧಾನವಾಗಬಾರದು. ನನ್ನ ವಾದ ಇಷ್ಟು: ಊರಲ್ಲಿ ಗೆಲ್ಲುವ ಮೇಳದಲ್ಲಿ ಚಾಪೆಯ ಮೇಲೆ ಕೂತವರು ಅರ್ಧ ಮಂದಿ ಮಾತ್ರ, ಉಳಿದರ್ಧ ಎದುರಿಗಿರುತ್ತಾರೆ. ಊರು ಬಿಡುವಾಗ ಬಸ್ಸು ಹತ್ತುವುದು ಮೊದಲಿನ ಅರ್ಧ ಅಷ್ಟೇ.

ತಾಳದವನ ಕೈ ನೋಡಿದರೆ ಇದು ತಿಳಿಯುತ್ತದೆ. ಕೇಳುವವರ ಕಣ್ಣೆಲ್ಲ ಪೇಟಿಯವನ ಮೇಲೆ, ಹೆಸರೆಲ್ಲ ಮುಂದೆ ಹೇಳುವವನಿಗೆ. ಮೇಳ ನಡೆಸುವವನು ಮಾತ್ರ ಮೂಲೆಯಲ್ಲಿ ತಾಳ ಹಿಡಿದವನು. ನುಡಿ ಮುಗಿದು ಪಲ್ಲವಿಗೆ ಮರಳುವ ಹೊತ್ತಿಗೆ ಒಳ್ಳೆಯ ತಾಳದವನು ಎರಡೂ ಬಟ್ಟಲನ್ನು ಒಂದರ ಮೇಲೊಂದು ಒತ್ತಿ ಹಿಡಿದು ನಾದ ಮುಚ್ಚುತ್ತಾನೆ. ಝಣ ಝಣ ಅನ್ನುತ್ತಿದ್ದದ್ದು ಟಕ್ಕೆಂದು ನಿಲ್ಲುತ್ತದೆ. ಆ ಅರೆಗಳಿಗೆಯ ಖಾಲಿ ಜಾಗದಲ್ಲಿ ಅಂಗಳದವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಯಾರೂ ಕರೆದಿರುವುದಿಲ್ಲ, ಕೈಸನ್ನೆಯೂ ಇರುವುದಿಲ್ಲ, ಜಾಗ ಬಿಟ್ಟಿದ್ದೇ ಕರೆ. ಎರಡನೆಯ ಸುತ್ತಿಗೆ ಬಟ್ಟಲು ಬಿಡಿಸಿ ಅಂಚಿಗೆ ಅಂಚು ತಾಗಿಸುತ್ತಾನೆ, ಏಕೆಂದರೆ ಈಗ ಜನರ ದನಿ ಏರಿದೆ, ಅದಕ್ಕೆ ಝೇಂಕಾರದ ಆಸರೆ ಬೇಕು. ಮೂರನೆಯ ನುಡಿಯ ತನಕ ಚಾಲು ಏರಿಸುವುದಿಲ್ಲ. ಏರಿಸುವವನು ತಾನಲ್ಲ, ಅಂಗಳ ಎಂಬುದು ಅವನಿಗೆ ಗೊತ್ತು. ಈಗಿನ ಮೇಳಗಳೊಂದಿಗೆ ನನ್ನ ಹಳೆಯ ಜಗಳ ಇರುವುದು ಇಲ್ಲೇ. ತಾಳದ ಜಾಗಕ್ಕೆ ರಿದಮ್ ಪ್ಯಾಡ್ ಬಂದಿದೆ. ಪ್ಯಾಡಿಗೆ ಬಾರಿಸುವುದು ಗೊತ್ತು, ಮುಚ್ಚುವುದು ಗೊತ್ತಿಲ್ಲ. ಎಲ್ಲೆಲ್ಲಿ ಜನ ಬಾಯಿ ಹಾಕಬಹುದೋ ಅಲ್ಲೆಲ್ಲ ಅದು ತಾನೇ ಧಡಧಡ ತುಂಬಿಬಿಡುತ್ತದೆ. ‘ಲಯ ತಪ್ಪುವುದಿಲ್ಲವಲ್ಲ’ ಎನ್ನುತ್ತಾರೆ ಪ್ಯಾಡಿನ ವಕೀಲರು. ತಪ್ಪುವುದಿಲ್ಲ, ಅದೇ ಅದರ ತಪ್ಪು. ಇನ್ನೂರು ಜನ ಕೂಡಿ ಹಾಡಿದರೆ ದಣಿದಾಗ ಲಯ ಜಗ್ಗುತ್ತದೆ, ರಂಗೇರಿದಾಗ ಓಡುತ್ತದೆ. ಅದರ ಜೊತೆ ಜಗ್ಗಲು, ಓಡಲು ಬಾರದ ಯಂತ್ರವನ್ನು ಭಜನೆಗೆ ಕೂರಿಸಿದವರಿಗೆ ಭಜನೆ ಬೇಕಾಗಿರಲಿಲ್ಲ, ಆರ್ಕೆಸ್ಟ್ರಾ ಬೇಕಾಗಿತ್ತು.

ಇದು ನಮ್ಮ ಎಡೆದೊರೆ ನಾಡಿನ ಗೋಳು ಮಾತ್ರ ಅಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಕಡೆಯಿಂದ ಬಂದ ಸ್ಲೇಡ್ ಎಂಬ ತಂಡ 1971ರಿಂದ 1973ರ ನಡುವೆ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರು ಹಾಡುಗಳನ್ನು ಮೊದಲ ಸ್ಥಾನಕ್ಕೇರಿಸಿತು. ಕೂಗಿ, ಕಾಲು ಕುಟ್ಟಿ, ಸಭಿಕರಿಂದಲೂ ಕುಟ್ಟಿಸಿ ಹಾಡುವ ತಂಡ. ಅಮೆರಿಕಕ್ಕೆ ಹೋಯಿತು, ಅಲ್ಲೇ ನೆಲೆಸಿ ಪ್ರಯತ್ನಪಟ್ಟಿತು, ಬರಿಗೈಯಲ್ಲಿ ಮರಳಿತು. ಭಾಷೆ ಎರಡೂ ಕಡೆ ಇಂಗ್ಲಿಷೇ. ಹಾಡು ಕೆಟ್ಟದ್ದಿತ್ತು ಎನ್ನಲೂ ದಾರಿಯಿಲ್ಲ, ಏಕೆಂದರೆ ಅವರ ‘ಕಮ್ ಆನ್ ಫೀಲ್ ದ ನಾಯ್ಸ್’ ಅನ್ನೇ ಲಾಸ್ ಏಂಜಲೀಸ್‌ನ ಕ್ವಯಟ್ ರಯಟ್ 1983ರಲ್ಲಿ ಹಾಡಿ ಅಮೆರಿಕದ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಒಯ್ದಿತು. ಹಾಡು ಕಡಲು ದಾಟಿತು, ತಂಡ ದಾಟಲಿಲ್ಲ. ಎಲ್ಲಿ ಕೂಗಬೇಕು ಎಂದು ಗೊತ್ತಿದ್ದ ಸಭಿಕರನ್ನು ಸ್ಲೇಡ್ ತನ್ನ ಊರಲ್ಲೇ ಬಿಟ್ಟು ಹೋಗಿತ್ತು. ಕ್ವಯಟ್ ರಯಟ್‌ನ ಸಭಿಕರು ಅದರ ಮನೆಬಾಗಿಲಲ್ಲೇ ಇದ್ದರು.

ಭಾಷೆಯ ನೆಪಕ್ಕೆ ಎದುರು ಸಾಕ್ಷಿ ಬೇಕಾದಷ್ಟಿದೆ. ಕ್ಯೂ ಸಾಕಾಮೋಟೊ ಅಪ್ಪಟ ಜಪಾನಿ ಭಾಷೆಯಲ್ಲಿ ಹಾಡಿದ ಹಾಡು 1963ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ನಮ್ಮಲ್ಲೇ ರಘು ದೀಕ್ಷಿತ್ ತಂಡ ಶಿಶುನಾಳ ಶರೀಫರ ತತ್ವಪದಗಳನ್ನು ಕನ್ನಡದಲ್ಲೇ ಹಾಡಿಕೊಂಡು ಬ್ರಿಟನ್ನಿನ ಗ್ಲಾಸ್ಟನ್‌ಬರಿ ಉತ್ಸವದ ತನಕ ಹೋಗಿಬಂತು. ‘ಹಾಗಾದರೆ ನಿಮ್ಮ ವಾದವೇ ಬಿತ್ತಲ್ಲ, ಶರೀಫರು ಹೋದರಲ್ಲ’ ಎಂದು ಯಾರಾದರೂ ಕೇಳಿಯಾರು. ಹೋದದ್ದು ಶರೀಫರ ಪದ, ತತ್ವಪದದ ಮೇಳವಲ್ಲ. ಎರಡರ ನಡುವೆ ಮೆಟ್ಟಿಲುಗಳಿದ್ದವು. ಸಿ. ಅಶ್ವತ್ಥ್ ಶರೀಫರನ್ನು ಸುಗಮ ಸಂಗೀತಕ್ಕೆ ತಂದರು, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು, ಕ್ಯಾಸೆಟ್ಟು ಬಂತು, ಅಂಗಳದಲ್ಲಿ ಕೂತವರು ಹೇಳುತ್ತಿದ್ದ ಪಾಲನ್ನು ವಾದ್ಯಗಳು ಹಂಚಿಕೊಂಡವು. ದೀಕ್ಷಿತರ ಕೈ ಸೇರುವ ಹೊತ್ತಿಗೆ ಪದ ತನ್ನ ಹಿಂದೆ ಹೇಳುವವರನ್ನು ತನ್ನೊಳಗೇ ಇಟ್ಟುಕೊಂಡಿತ್ತು. ಇದನ್ನು ದೂರೆಂದು ಹೇಳುತ್ತಿಲ್ಲ, ಆ ತಂಡ ಚೆನ್ನಾಗಿಯೇ ಹಾಡುತ್ತದೆ. ಆದರೆ ಅದರ ಗೆಲುವನ್ನು ತೋರಿಸಿ ನಮ್ಮ ಮೇಳದವರಿಗೆ ‘ನೀವೂ ಹಾಗೆ ಮಾಡಿರಿ’ ಎಂದು ಬುದ್ಧಿ ಹೇಳುವವರು ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದೇವೆ ಎಂದು ಒಮ್ಮೆ ಯೋಚಿಸಲಿ.

ಇನ್ನೂ ಹತ್ತಿರದ ಸಾಕ್ಷಿ ದಾಸರದು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಮೂವರೂ ಈ ಮಾನ್ವಿ, ದೇವದುರ್ಗ ಸೀಮೆಯವರೇ. ಭಾದ್ರಪದ ಶುದ್ಧ ನವಮಿಗೆ ಮಾನ್ವಿಯಲ್ಲಿ ಜಗನ್ನಾಥದಾಸರ ಆರಾಧನೆ, ಕಾರ್ತಿಕ ಶುದ್ಧ ದಶಮಿಗೆ ವಿಜಯದಾಸರ ಆರಾಧನೆ. ಆ ದಿನಗಳಲ್ಲಿ ಅವರ ಪದಗಳಿಗೆ ಎದುರಿಲ್ಲ. ಅದೇ ತಮಿಳುನಾಡಿನ ಸಭೆಗಳಲ್ಲಿ ನೋಡಿ, ಪುರಂದರದಾಸರು ಮನೆಮಾತು, ಎಂ.ಎಸ್. ಸುಬ್ಬುಲಕ್ಷ್ಮಿಯವರ ‘ಜಗದೋದ್ಧಾರನ’ ಕೇಳದ ಕಿವಿಯಿಲ್ಲ. ನಮ್ಮ ಮೂವರು ಅಲ್ಲಿ ಅಪರೂಪ. ವಿಜಯದಾಸರ ಸುಳಾದಿ ತತ್ತ್ವದ ಭಾರದಿಂದ ಕಠಿಣವಾಯಿತು ಎನ್ನುವುದು ವಾಡಿಕೆ. ಅರ್ಧ ನಿಜ. ಅವರಲ್ಲಿ ಸರಳ ಪದಗಳಿಗೇನೂ ಬರವಿಲ್ಲ, ಅವೂ ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಕಾರಣ ಬೇರೆ. ಮಾಯಾಮಾಳವಗೌಳದ ಸರಳೆ, ಜಂಟಿ ವರಸೆಗಳಿಂದ ಪಿಳ್ಳಾರಿ ಗೀತೆಗಳ ತನಕ ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ನಂಬಿದೆ. ಕನ್ನಡದ ಒಂದಕ್ಷರ ಬಾರದ ಹುಡುಗಿಯೂ ತಂಜಾವೂರಿನಲ್ಲಿ ಕಲಿಕೆ ಆರಂಭಿಸುವುದು ಅಲ್ಲಿಂದಲೇ. ಪುರಂದರದಾಸರ ಪದ ಬರುವ ಮೊದಲೇ ಅದನ್ನು ಕೇಳುವ ಕಿವಿ ತಯಾರಾಗಿರುತ್ತದೆ. ಕೊರಿಯದ ತಂಡಗಳು ಇಂದು ಮಾಡುತ್ತಿರುವುದೂ ಬೇರೇನಲ್ಲ. ಹಾಡಿನ ಯಾವ ಜಾಗದಲ್ಲಿ ಯಾರ ಹೆಸರು ಕೂಗಬೇಕು ಎಂಬುದನ್ನು ಅಭಿಮಾನಿಗಳು ಮೊದಲೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಬಿಟಿಎಸ್ ಹುಡುಗರ ‘ಲೈಫ್ ಗೋಸ್ ಆನ್’ ಬಹುಪಾಲು ಕೊರಿಯನ್ ಭಾಷೆಯಲ್ಲಿದ್ದೂ 2020ರಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿದ್ದು ಬರೀ ನಾಲ್ಕು ದಿನದ ಪ್ರಚಾರದಿಂದಲ್ಲ, ವರ್ಷಗಟ್ಟಲೆ ಕೇಳುಗರನ್ನು ತಾಲೀಮು ಮಾಡಿಸಿದ್ದರಿಂದ.

ಹಣದ ಮಾತು ಎತ್ತುವವರಿದ್ದಾರೆ. ಮನೆಯಲ್ಲೇ ದೊಡ್ಡ ಮಾರುಕಟ್ಟೆ ಇದ್ದರೆ ಹೊರಗೆ ಯಾಕೆ ಹೋಗಬೇಕು, ಜಪಾನಿನ ತಂಡಗಳು ಹೋಗದಿರುವುದು ಅದಕ್ಕೇ ಎಂದು. ಹೋಗದಿರುವುದಕ್ಕೆ ಇದು ಕಾರಣವಾದೀತು, ಹೋಗಿ ಸೋಲುವುದಕ್ಕಲ್ಲ. ಜಪಾನಿನಲ್ಲಿ ಮಕ್ಕಳೆಲ್ಲ ಕುಣಿತ ಅನುಕರಿಸುವಷ್ಟು ಹೆಸರು ಮಾಡಿದ್ದ ಪಿಂಕ್ ಲೇಡಿ ಜೋಡಿಗೆ 1980ರಲ್ಲಿ ಅಮೆರಿಕದ ಟಿವಿಯಲ್ಲಿ ಕಾರ್ಯಕ್ರಮವೇ ಸಿಕ್ಕಿತ್ತು, ಕೆಲವೇ ವಾರಗಳಲ್ಲಿ ಮುಚ್ಚಿತು. ದುಡ್ಡಿಗೂ ಪ್ರಚಾರಕ್ಕೂ ಕೊರತೆ ಇರಲಿಲ್ಲ, ಕುಣಿತ ಬಲ್ಲ ಮಕ್ಕಳು ಎದುರಿಗಿರಲಿಲ್ಲ. ದೂರವನ್ನೂ ಕಾರಣ ಮಾಡುವ ಹಾಗಿಲ್ಲ. ತುಂಗಭದ್ರೆ ದಾಟಿದರೆ ಮಂತ್ರಾಲಯ, ಆಂಧ್ರದ ಕರ್ನೂಲು ಜಿಲ್ಲೆ. ಅಲ್ಲಿ ರಾಯಚೂರಿನ ಮೇಳ ಊರಲ್ಲಿ ಹಾಡಿದಂತೆಯೇ ಹಾಡುತ್ತದೆ. ಅಮೆರಿಕದ ಮಾಧ್ವ ಮನೆಗಳಲ್ಲಿ ಜಗನ್ನಾಥದಾಸರ ಹರಿಕಥಾಮೃತಸಾರದ ಪಾರಾಯಣ ನಡೆಯುತ್ತದೆ. ಸಮುದ್ರ ದಾಟಿದ ಆ ಭಾಮಿನಿ ಷಟ್ಪದಿ ಪಕ್ಕದ ಅಮೆರಿಕನ್ನನ ಬೇಲಿ ದಾಟಿಲ್ಲ. ಹೊರಗು ಎಂಬುದು ಮೈಲಿಯ ಲೆಕ್ಕವಾಗಿದ್ದರೆ ಹೀಗಾಗುತ್ತಿರಲಿಲ್ಲ. ಮೊಹರಮ್ಮಿನ ರಿವಾಯತ ಪದಗಳನ್ನೇ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮೇಳ ಅವರ ಬಳಿಗೆ ಹೋಗುವುದಿಲ್ಲ, ಅವರೇ ಅಲಾಯಿ ಕುಣಿಯ, ಅಂದರೆ ಬೆಂಕಿಗುಂಡಿಯ, ಸುತ್ತ ಬಂದು ನಿಲ್ಲುತ್ತಾರೆ. ಅಲ್ಲಿ ನಿಂತವನಿಗೆ ಕುಣಿಯ ಸುತ್ತ ತಿರುಗುವವರ ಹೆಜ್ಜೆಯೇ ಪಾಠ, ಯಾವ ಜಾತಿ ಮತದವನಾದರೂ ಮೂರನೆಯ ಸುತ್ತಿಗೆ ಅವನೂ ದನಿ ಕೂಡಿಸುತ್ತಾನೆ.

ಇಷ್ಟೆಲ್ಲ ಗೊತ್ತಿದ್ದೂ ಉತ್ಸವಗಳ ಕಮಿಟಿಯವರು ಮಾಡುವುದು ನೋಡಿದರೆ ಮೈಯುರಿಯುತ್ತದೆ. ಮೇಳವನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕುಕ್ಕಿಸಿ ಕರೆಸುತ್ತಾರೆ, ಮೆರವಣಿಗೆಯಲ್ಲಿ ಗಣ್ಯರ ಕಾರಿನ ಮುಂದೆ ಬಿಸಿಲಲ್ಲಿ ನಡೆಸುತ್ತಾರೆ, ಸಂಜೆ ವೇದಿಕೆಯ ಮೇಲೆ ಹತ್ತು ನಿಮಿಷ ಕೊಡುತ್ತಾರೆ. ಎಂಟು ಜನರ ಮೇಳಕ್ಕೆ ಮೈಕು ಎರಡು, ಒಂದು ಪೇಟಿಗೆ, ಒಂದು ಮುಂದೆ ಹೇಳುವವನಿಗೆ. ಹಿಂದೆ ಹೇಳುವ ನಾಲ್ವರ ಬಾಯಿ ಆಡುವುದು ಮಾತ್ರ ಕಾಣುತ್ತದೆ. ಸಭಿಕರ ಮೇಲೆ ಕತ್ತಲೆ, ಹಾಡುವವರ ಕಣ್ಣಿಗೆ ಹೊಡೆಯುವ ದೀಪ. ಎರಡನೆಯ ನುಡಿಗೇ ನಿರೂಪಕಿ ಪರದೆಯ ಅಂಚಿಗೆ ಬಂದು ನಿಲ್ಲುತ್ತಾಳೆ. ಮೂರನೆಯ ನುಡಿಗೆ ಏರಬೇಕಾದ ಚಾಲು ಏರುವುದು ಯಾವಾಗ? ಅದಕ್ಕೇ ಈಚೆಗೆ ಮೇಳಗಳು ಮೊದಲ ನುಡಿಯಿಂದಲೇ ಓಡುತ್ತವೆ, ಪ್ಯಾಡು ತರುತ್ತವೆ, ಒಂದೇ ಬಣ್ಣದ ಶಲ್ಯ ಹೊದೆಯುತ್ತವೆ. ಅಲ್ಲಿ ಕಲಿತ ಓಟವನ್ನು ಊರಿಗೂ ತರುತ್ತವೆ, ಊರಲ್ಲಿ ಇದ್ದ ಕಳೆಯೂ ಹೋಗುತ್ತದೆ. ಇದನ್ನು ‘ಹೊರಗಿನ ಅಭಿರುಚಿಗೆ ತಕ್ಕಂತೆ’ ಎಂದು ಹೊಗಳುವ ಮೇಳದ ಹಿರಿಯರ ಜೊತೆ ವಾದಕ್ಕೆ ಕೂರುವುದು ನನ್ನ ಮಟ್ಟಿಗೆ ಭಜನೆಯಷ್ಟೇ ಪ್ರಿಯವಾದ ಹವ್ಯಾಸ. ಹತ್ತೇ ನಿಮಿಷ ಸಿಕ್ಕರೆ ಆರು ನಿಮಿಷ ಪಲ್ಲವಿ ಹೇಳಿಕೊಡಲು ಖರ್ಚು ಮಾಡಿ ಎನ್ನುತ್ತೇನೆ. ಬೆಂಗಳೂರಿನವರಿಗೆ ಬಾಯಿಲ್ಲವೇ? ಸಭಾಂಗಣದ ದೀಪ ಹಾಕಿಸಿ, ಒಂದು ಮೈಕು ಕೆಳಗಿಳಿಸಿ ಮೊದಲ ಸಾಲಿನವರ ಕೈಗೆ ಕೊಡಿ, ತಾಳದವನನ್ನು ಮೂಲೆಯಿಂದ ಎಬ್ಬಿಸಿ ಎಲ್ಲರಿಗೂ ಕಾಣುವಂತೆ ನಡುವೆ ಕೂರಿಸಿ. ಉಳಿದ ನಾಲ್ಕು ನಿಮಿಷಕ್ಕೆ ಒಂದೇ ನುಡಿ ಸಾಕು. ಹಿರಿಯರು ಒಪ್ಪುವುದಿಲ್ಲ, ಒಂದೇ ನುಡಿ ಹೇಳಿದರೆ ಕೊನೆಯ ನುಡಿಯಲ್ಲಿ ಬರುವ ದಾಸರ ಅಂಕಿತ ಬಿಟ್ಟುಹೋಗುತ್ತದೆ ಎನ್ನುತ್ತಾರೆ. ಅದಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಅಂಕಿತ ಬಿಡುವುದು ಸಲ್ಲದು. ಹಾಗಾದರೆ ಮೊದಲ ನುಡಿ ಬಿಟ್ಟು ಕೊನೆಯದನ್ನೇ ಹೇಳಿ.